ಕಾರುಗಳ ಬಣ್ಣವೋ, ಬಣ್ಣಗಳೋ? 'ಗಳು' ಎಲ್ಲಿ ಬೇಕು, ಎಲ್ಲಿ ಬೇಡ

ಎದುರಿಗೆ ಐದು ಕಾರು ನಿಂತಿವೆ. ಒಂದೊಂದಕ್ಕೂ ಒಂದೊಂದು ಬಣ್ಣ. ಈಗ ಇದನ್ನು ಬರೆಯಬೇಕು. 'ಕಾರುಗಳ ಬಣ್ಣ' ಅಂತಲೋ, 'ಕಾರುಗಳ ಬಣ್ಣಗಳು' ಅಂತಲೋ? ಮಾತಾಡುವಾಗ ಈ ಪ್ರಶ್ನೆ ಹುಟ್ಟುವುದೇ ಇಲ್ಲ. 'ಆ ಕಾರುಗಳ ಬಣ್ಣ ಯಾವ್ಯಾವುದು?' ಅಂತ ಕೇಳಿ ಮುಂದೆ ಹೋಗುತ್ತೇವೆ. ಬರೆಯಲು ಕೂತಾಗ ಮಾತ್ರ ಅನುಮಾನ ಶುರು. ಐದು ಕಾರು, ಐದು ಬಣ್ಣ, ಹಾಗಾದ್ರೆ ಬಹುವಚನ ಅಲ್ವಾ?

ಬೇರೆಯವರು ಬರೆದದ್ದನ್ನು ತಿದ್ದಿಕೊಡುವುದು ನನ್ನ ಕೆಲಸ. ಅದರಲ್ಲಿ ನಾನು ಅತಿ ಜಾಸ್ತಿ ಹೊಡೆದುಹಾಕುವುದು ಎರಡೇ ಅಕ್ಷರ: 'ಗ' ಮತ್ತು 'ಳು'. ಮಕ್ಕಳ ವಯಸ್ಸುಗಳು, ಕಟ್ಟಡಗಳ ಎತ್ತರಗಳು, ಜನರ ಮನಸ್ಸುಗಳು, ರೋಗಿಗಳ ಆರೋಗ್ಯಗಳು. ಇವನ್ನು ಬರೆದವರು ಯಾರೂ ಕನ್ನಡ ಬಾರದವರಲ್ಲ. ಬಾಯಿಬಿಟ್ಟು ಹೇಳುವಾಗ ಅವರೇ 'ಮಕ್ಕಳ ವಯಸ್ಸು' ಅನ್ನುತ್ತಾರೆ. ಬರೆಯುವಾಗ ಮಾತ್ರ ತಲೆಯೊಳಗೆ ಇಂಗ್ಲಿಷ್ ಲೆಕ್ಕ ಓಡುತ್ತದೆ. ಒಡೆಯರು ಹಲವರಿದ್ದರೆ ಅವರ ಸೊತ್ತೂ ಹಲವಾಗಬೇಕು ಅನ್ನುವ ಲೆಕ್ಕ ಅದು. ಇಂಗ್ಲಿಷ್‌ಗೆ ಅದು ಸಹಜ. ಕನ್ನಡ ಎಣಿಸುವ ರೀತಿಯೇ ಬೇರೆ.

ಯಾವ ಕ್ರಮದಲ್ಲಿ ನೋಡಿದರೆ ಈ ಅನುಮಾನ ಬಗೆಹರಿಯುತ್ತದೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಮೊದಲ ಹೆಜ್ಜೆಯಲ್ಲೇ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ.

ಹೆಜ್ಜೆ 1: ಒಬ್ಬನೇ ಒಡೆಯನನ್ನು ಪಕ್ಕಕ್ಕೆ ಕರೆದು ನೋಡಿ

'ಕಾರುಗಳ ಬಣ್ಣ' ಅನ್ನುವಲ್ಲಿ ಎರಡು ಪದ ಇವೆ. ಕಾರು ಒಡೆಯ, ಬಣ್ಣ ಅದರ ಗುಣ. ಕಾರು ಹಲವು ಇವೆ ಅನ್ನುವುದು 'ಕಾರುಗಳ' ಅಂದಾಗಲೇ ಗೊತ್ತಾಯಿತು. ಅದೇ ಸುದ್ದಿಯನ್ನು ಬಣ್ಣದ ಬಾಲಕ್ಕೂ ಕಟ್ಟಬೇಕಾಗಿಲ್ಲ.

ಹಾಗಾದರೆ ಗುಣಕ್ಕೆ 'ಗಳು' ಹಚ್ಚುವುದು ಯಾವಾಗ? ಸಾಲಿನಿಂದ ಒಂದೇ ಒಂದು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ. ಅದಕ್ಕೆ ಬಣ್ಣ ಎಷ್ಟು? ಒಂದು. ಹಾಗಾಗಿ 'ಕಾರುಗಳ ಬಣ್ಣ'. ಅದಕ್ಕೆ ಚಕ್ರ ಎಷ್ಟು? ನಾಲ್ಕು. ಹಾಗಾಗಿ 'ಕಾರುಗಳ ಚಕ್ರಗಳು'. ಗುಣದ ಮೇಲೆ ಕೂರುವ 'ಗಳು' ಒಡೆಯರನ್ನು ಎಣಿಸುವುದಿಲ್ಲ, ಒಬ್ಬ ಒಡೆಯನ ಹತ್ತಿರ ಅದು ಎಷ್ಟಿದೆ ಅಂತ ಎಣಿಸುತ್ತದೆ.

ಆಕ್ಟೋಪಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ 3 ಹೃದಯ ಇವೆ. ಆದ್ದರಿಂದ 'ಆಕ್ಟೋಪಸ್‌ನ ಹೃದಯಗಳು' ಅನ್ನುವುದು ಒಂದೇ ಪ್ರಾಣಿಯ ಬಗ್ಗೆ ಹೇಳಿದರೂ ಸರಿ. ಅದೇ 'ಹಕ್ಕಿಗಳ ಹೃದಯ' ಅಂದರೆ ಸಾವಿರ ಹಕ್ಕಿಗಳ ಬಗ್ಗೆ ಹೇಳಿದರೂ ಏಕವಚನವೇ ಸಾಕು. 'ಹಕ್ಕಿಗಳ ಹೃದಯಕ್ಕೆ 4 ಕೋಣೆ ಇವೆ, ಕಪ್ಪೆಗಳ ಹೃದಯಕ್ಕೆ 3' ಅಂತ ಬರೆದರೆ ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಎಲ್ಲ ಹಕ್ಕಿಗಳೂ ಸೇರಿ ಒಂದೇ ಹೃದಯ ಹಂಚಿಕೊಂಡಿವೆ ಅಂತ ಯಾರು ತಾನೇ ಓದಿಕೊಳ್ಳುತ್ತಾರೆ?

ಗ್ರಹಗಳ ಉಂಗುರವನ್ನೂ ಹೀಗೇ ನೋಡಿ. ಶನಿ ಒಂದೇ ಗ್ರಹ, ಆದರೂ 'ಶನಿಯ ಉಂಗುರಗಳು' ಅನ್ನುತ್ತೇವೆ. ಅದಕ್ಕೆ ಉಂಗುರ ಹಲವಿವೆ. ಆದರೆ 'ಗ್ರಹಗಳ ವ್ಯಾಸ' ಅಂದಾಗ ಗ್ರಹ ಎಂಟಿದ್ದರೂ ವ್ಯಾಸ ಏಕವಚನ. ಒಂದು ಗ್ರಹಕ್ಕೆ ಒಂದೇ ವ್ಯಾಸ.

ಇದೇ ಪರೀಕ್ಷೆಯಿಂದ 'ಲೋಹಗಳ ಗುಣ', 'ಲೋಹಗಳ ಗುಣಗಳು' ಎರಡರ ಜಗಳವೂ ತೀರುತ್ತದೆ. ಹೊಳಪು, ಗಟ್ಟಿತನ, ವಿದ್ಯುತ್ ಹರಿಯಬಿಡುವುದು ಹೀಗೆ ಹಲವನ್ನು ಹೇಳುವುದಿದ್ದರೆ 'ಗುಣಗಳು'. ಒಂದೇ ಲೋಹಕ್ಕೂ ಅಷ್ಟು ಗುಣ ಇವೆ. 'ಬಿಸಿ ಮಾಡಿದರೆ ಹಿಗ್ಗುವುದು ಲೋಹಗಳ ಗುಣ' ಅನ್ನುವಾಗ ಮಾತಾಡುತ್ತಿರುವುದು ಒಂದೇ ಗುಣದ ಬಗ್ಗೆ. ಅಲ್ಲಿ 'ಗುಣಗಳು' ಹಾಕಿದರೆ ಓದುವವರು ಉಳಿದದ್ದು ಎಲ್ಲಿ ಅಂತ ಹುಡುಕುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಬಣ್ಣ ಒಂದೇ ಆಗಿದ್ದರೆ ಸರಿ, ಬೇರೆ ಬೇರೆ ಆಗಿದ್ದರೆ? ಆಗಲೂ 'ಗಳು' ಬೇಕಿಲ್ಲ. 'ಕಾರುಗಳ ಬಣ್ಣ ಒಂದೇ', 'ಕಾರುಗಳ ಬಣ್ಣ ಬೇರೆ ಬೇರೆ' ಎರಡೂ ಸರಿ. ಒಂದೇ ಅನ್ನುವುದನ್ನೂ ಬೇರೆ ಅನ್ನುವುದನ್ನೂ ಹೇಳಲು ಕನ್ನಡದಲ್ಲಿ ಬೇರೆ ಪದಗಳೇ ಇವೆ. ಆ ಕೆಲಸವನ್ನು ಪ್ರತ್ಯಯದ ತಲೆಗೆ ಕಟ್ಟಬೇಡಿ.

ಹೆಜ್ಜೆ 2: ಗುಣ ಯಾವ ಜಾತಿಯದು ಅಂತ ಗುರುತಿಸಿ

ಕೆಲವು ಪದಗಳು 'ಗಳು' ಕಂಡರೆ ಮುಖ ಸಿಂಡರಿಸುತ್ತವೆ. ಮೊದಲನೆಯದು ಅಳತೆಯ ಪದಗಳು: ಎತ್ತರ, ಉದ್ದ, ಅಗಲ, ಆಳ, ತೂಕ, ವೇಗ, ವಯಸ್ಸು, ಬಿಸಿ. ಇವು ಹೆಚ್ಚುಕಡಿಮೆ ಯಾವಾಗಲೂ ಏಕವಚನ. 'ನದಿಗಳ ಉದ್ದ', 'ಕೆರೆಗಳ ಆಳ', 'ಆಟಗಾರರ ವಯಸ್ಸು'. ಕೇಳುವಾಗ ಬೇಕಾದರೆ ಪ್ರಶ್ನೆಯ ಪದವನ್ನೇ ಎರಡು ಸಲ ಹೇಳುತ್ತೇವೆ: 'ಮಕ್ಕಳ ವಯಸ್ಸು ಎಷ್ಟೆಷ್ಟು?' ಇಷ್ಟು ಅಂದವಾಗಿ ಭಾಷೆಯೇ ದಾರಿ ಮಾಡಿಕೊಟ್ಟಿರುವಾಗ 'ವಯಸ್ಸುಗಳು ಎಷ್ಟು' ಅಂತ ಯಾಕೆ ಒದ್ದಾಡಬೇಕು?

'ಬೆಲೆ', 'ದರ' ಈ ಗುಂಪಿನಲ್ಲಿ ಸ್ವಲ್ಪ ಹಟಮಾರಿಗಳು. 'ಬಡ್ಡಿ ದರಗಳು' ಅನ್ನುವುದು ಸುದ್ದಿಯ ಭಾಷೆಯಲ್ಲಿ ನೆಲೆ ನಿಂತಿದೆ. ಅದನ್ನು ನಾನು ಮುಟ್ಟುವುದಿಲ್ಲ. 'ಬೆಲೆಗಳು ಏರಿವೆ' ಅಂತ ಕಂಡರೆ 'ಬೆಲೆ ಏರಿದೆ' ಅಂತ ಮಾಡುತ್ತೇನೆ. ಇದು ನನ್ನ ಕಿವಿಯ ತೀರ್ಮಾನ, ನಿಮ್ಮದು ಬೇರೆ ಇರಬಹುದು.

ಎರಡನೆಯದು ಒಳಗಿನ ಪದಗಳು: ಮನಸ್ಸು, ಧೈರ್ಯ, ಪ್ರೀತಿ, ಸಿಟ್ಟು, ಬುದ್ಧಿ, ಆರೋಗ್ಯ, ಜೀವ, ಬದುಕು. ಇಲ್ಲಿ ಅನುವಾದದ ಗುಂಡಿಗಳು ಜಾಸ್ತಿ. ಇಂಗ್ಲಿಷ್‌ನಲ್ಲಿ 'ದೇ ಚೇಂಜ್ಡ್ ದೇರ್ ಮೈಂಡ್ಸ್' ಅಂತಿದ್ದರೆ ಕನ್ನಡದಲ್ಲಿ 'ಅವರು ಮನಸ್ಸು ಬದಲಾಯಿಸಿದರು'. 'ತಮ್ಮ ಮನಸ್ಸುಗಳನ್ನು' ಅಲ್ಲ. ಹಾಗೇ 'ಹಲವರು ಪ್ರಾಣ ಕಳೆದುಕೊಂಡರು'. 'ಪ್ರಾಣಗಳನ್ನು ಕಳೆದುಕೊಂಡರು' ಅಂದರೆ ಒಬ್ಬೊಬ್ಬರಿಗೂ ಏಳೆಂಟು ಪ್ರಾಣ ಇದ್ದ ಹಾಗೆ ಕೇಳಿಸುತ್ತದೆ. 'ಇದು ಲಕ್ಷಾಂತರ ಜನರ ಬದುಕು ಬದಲಿಸಿತು' ಅಂದರೆ ಸಾಕು, 'ಬದುಕುಗಳನ್ನು' ಬೇಡ. ಗಮನಿಸಿ, ಈ ವಾಕ್ಯಗಳಲ್ಲಿ 'ತಮ್ಮ' ಅನ್ನುವ ಪದವೂ ಬಿದ್ದುಹೋಗಿದೆ. ಮನಸ್ಸು ಬದಲಾಯಿಸುವವರು ಬದಲಾಯಿಸುವುದು ತಮ್ಮದನ್ನೇ.

ಮೂರನೆಯದು ದೇಹದ ಅಂಗಗಳು. ಒಂದು ಅಂಗವಿದ್ದರೆ ಚಿಂತೆಯಿಲ್ಲ. ಜೋಡಿ ಅಂಗಗಳ ವಿಷಯದಲ್ಲಿ ಮಾತ್ರ ಕನ್ನಡ ಮೊದಲ ಹೆಜ್ಜೆಯ ಪರೀಕ್ಷೆಯನ್ನೂ ಮೀರುತ್ತದೆ. ಒಬ್ಬ ಮನುಷ್ಯನಿಗೆ ಕೈ ಎರಡು, ಕಣ್ಣು ಎರಡು, ಕಿವಿ ಎರಡು. ಪರೀಕ್ಷೆಯ ಪ್ರಕಾರ 'ಗಳು' ಬರಬೇಕು. ಆದರೆ ನಾವು ಹೇಳುವುದು 'ಕೈ ತೊಳೆದುಕೋ', 'ಕಣ್ಣು ಮುಚ್ಚು', 'ಕಾಲು ನೋಯುತ್ತಿದೆ', 'ಕಿವಿ ಕೇಳಿಸುವುದಿಲ್ಲ'. ಜೋಡಿಯಾಗಿ ಒಂದೇ ಕೆಲಸ ಮಾಡುವ ಅಂಗಗಳನ್ನು ಕನ್ನಡ ಒಂದೇ ಅಂತ ಎಣಿಸುತ್ತದೆ. ಹಂಗೇರಿಯನ್ ಭಾಷೆಯಲ್ಲೂ ಹೀಗೇ ಇದೆ ಅಂತ ತಿಳಿದಾಗ ನನಗೆ ಖುಷಿಯಾಗಿತ್ತು. ಹಾಗಾಗಿ 'ಮಕ್ಕಳು ಕೈ ತೊಳೆದುಕೊಂಡರು', 'ಎಲ್ಲರೂ ಕಣ್ಣು ಮುಚ್ಚಿದರು' ಅಂತಲೇ ಬರೆಯಿರಿ. ಜೋಡಿಯನ್ನು ಒಡೆದು ಹೇಳಬೇಕಾದಾಗ ಬಹುವಚನ ತಾನಾಗಿ ಬರುತ್ತದೆ: 'ಅವನ ಎರಡೂ ಕಣ್ಣುಗಳ ಬಣ್ಣ ಬೇರೆ ಬೇರೆ'. ವರ್ಣನೆಗೆಂದು 'ಅವಳ ಕಣ್ಣುಗಳು ಹೊಳೆಯುತ್ತಿದ್ದವು' ಅಂತ ಬರೆಯುವವರಿದ್ದಾರೆ, ಅದು ತಪ್ಪಲ್ಲ. ಸ್ವಲ್ಪ ಸಿಂಗಾರ ಮಾಡಿಕೊಂಡ ವಾಕ್ಯ, ಅಷ್ಟೇ.

ಹೆಸರು, ಅಭಿಪ್ರಾಯ, ಪ್ರಶ್ನೆ, ಕಾರಣ ಇಂಥವು ಎರಡೂ ಕಡೆ ಓಡಾಡುತ್ತವೆ. 'ಮಕ್ಕಳ ಹೆಸರು ಕೇಳಿದೆ' ಸರಿ. ಪಟ್ಟಿ ಹಿಡಿದು ಒಂದೊಂದಾಗಿ ಓದುತ್ತಿದ್ದರೆ 'ಮಕ್ಕಳ ಹೆಸರುಗಳನ್ನು ಓದಿದರು' ಅನ್ನುವುದೂ ಸರಿ. ಅಲ್ಲಿ ಹೆಸರು ಗುಣವಾಗಿ ಉಳಿದಿಲ್ಲ, ಒಂದರ ಕೆಳಗೊಂದು ಸಾಲಾಗಿ ನಿಂತ ವಸ್ತುವಾಗಿದೆ. ಬಣ್ಣಕ್ಕೂ ಈ ಮಾತು ಸಲ್ಲುತ್ತದೆ. 'ಕಾರುಗಳ ಬಣ್ಣ' ಅಂದರೆ ಗುಣ. 'ಈ ಬಣ್ಣಗಳಲ್ಲಿ ಯಾವುದು ಇಷ್ಟ?' ಅಂದರೆ ಕಾರಿನಿಂದ ಬಿಡಿಸಿ ಮೇಜಿನ ಮೇಲೆ ಹರವಿದ ಬಣ್ಣಗಳು.

ಹೆಜ್ಜೆ 3: ಕ್ರಿಯಾಪದ ಯಾರ ಹಿಂದೆ ಹೋಗುತ್ತಿದೆ ನೋಡಿ

'ಗಳು' ಸರಿಯಾಗಿ ತೆಗೆದವರು ಕೂಡ ಇಲ್ಲಿ ಎಡವುತ್ತಾರೆ. ಈ ವಾಕ್ಯ ನೋಡಿ: 'ಈ ಬೆಟ್ಟಗಳ ಎತ್ತರ ಹೆಚ್ಚಾಗಿವೆ.' ಹೆಚ್ಚಾಗಿರುವುದು ಯಾವುದು? ಎತ್ತರ. ಎತ್ತರ ಏಕವಚನ. ಆದ್ದರಿಂದ 'ಹೆಚ್ಚಾಗಿದೆ'. ಬೆಟ್ಟಗಳು ಹತ್ತಿರದಲ್ಲೇ ನಿಂತಿರುವುದರಿಂದ ಕಿವಿಗೆ ಮೋಸ ಆಗುತ್ತದೆ. ಒಡೆಯನಿಗೆ ಷಷ್ಠಿಯ 'ಅ' ಹತ್ತಿದ ಮೇಲೆ, ಅಂದರೆ 'ಬೆಟ್ಟಗಳ' ಅಂತಾದ ಮೇಲೆ, ಕ್ರಿಯಾಪದದ ಮೇಲೆ ಅದರ ಅಧಿಕಾರ ಮುಗಿಯಿತು.

ಜಗತ್ತಿನಲ್ಲಿ 8,000 ಮೀಟರ್ ದಾಟಿದ ಶಿಖರಗಳು 14 ಇವೆ. ಇದನ್ನು ಎರಡು ರೀತಿ ಹೇಳಬಹುದು. 'ಆ 14 ಶಿಖರಗಳ ಎತ್ತರ 8,000 ಮೀಟರ್ ದಾಟುತ್ತದೆ.' ಇಲ್ಲಿ ದಾಟುವುದು ಎತ್ತರ. 'ಆ 14 ಶಿಖರಗಳು 8,000 ಮೀಟರ್ ದಾಟುತ್ತವೆ.' ಇಲ್ಲಿ ದಾಟುವುದು ಶಿಖರಗಳು. ಎರಡೂ ಸರಿ. ಎರಡನ್ನೂ ಕಲಸಿ 'ಶಿಖರಗಳ ಎತ್ತರ ದಾಟುತ್ತವೆ' ಅಂದರೆ ತಪ್ಪು.

ಗುಣಗಳೇ ಹಲವಾದರೆ ಕ್ರಿಯಾಪದ ಬಹುವಚನಕ್ಕೆ ಹೋಗಬಹುದು. 'ಪೆಟ್ಟಿಗೆಯ ಉದ್ದ, ಅಗಲ ಸರಿಯಾಗಿವೆ.' ಇಲ್ಲಿ ಪೆಟ್ಟಿಗೆ ಒಂದೇ, ಗುಣ ಎರಡು. ಮೇಲಿನದಕ್ಕೆ ಪೂರ್ತಿ ಉಲ್ಟಾ.

ಇಲ್ಲೇ ಇನ್ನೊಂದನ್ನೂ ಹೇಳಿಬಿಡುತ್ತೇನೆ. 'ಮರಗಳನ್ನು ಕಡಿಯಲಾಗಿವೆ' ಅಂತ ದಿನಕ್ಕೊಂದು ಸಲವಾದರೂ ಕಾಣುತ್ತದೆ. 'ಅನ್ನು' ಹತ್ತಿದ ಪದಕ್ಕೂ ಕ್ರಿಯಾಪದಕ್ಕೂ ಸಂಬಂಧವಿಲ್ಲ. ಮರ ಒಂದಿರಲಿ ನೂರಿರಲಿ, 'ಕಡಿಯಲಾಗಿದೆ'. ಇಷ್ಟಕ್ಕೂ 'ಮರಗಳನ್ನು ಕಡಿದಿದ್ದಾರೆ' ಅಂದರೆ ಇನ್ನೂ ಚೆನ್ನ.

ಗುಣವನ್ನು ನಾಮಪದವಾಗಿಯೇ ಇಡಬೇಕು ಅಂತಲೂ ಇಲ್ಲ. 'ಈ ಕಟ್ಟಡಗಳ ಎತ್ತರ ಹೆಚ್ಚು' ಅನ್ನುವ ಬದಲು 'ಈ ಕಟ್ಟಡಗಳು ಎತ್ತರವಾಗಿವೆ' ಅನ್ನಬಹುದು. 'ಆ ಮಕ್ಕಳ ವಯಸ್ಸು ಏಳು ವರ್ಷ' ಅನ್ನುವ ಬದಲು 'ಆ ಮಕ್ಕಳಿಗೆ ಏಳು ವರ್ಷ'. ಏಕವಚನವೋ ಬಹುವಚನವೋ ಅನ್ನುವ ತಲೆನೋವೇ ಇಲ್ಲ. ವಾಕ್ಯ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಾನು ಮೊದಲು ಹಿಡಿಯುವ ದಾರಿ ಇದೇ.

ಹೆಜ್ಜೆ 4: ಸಂಖ್ಯೆ ಇದ್ದರೆ 'ಗಳು' ಬೇಕೇ?

ಬೇಕಾದರೆ ಹಾಕಿ, ಬೇಡವಾದರೆ ಬಿಡಿ. 'ಐದು ಮರ' ಸರಿ, 'ಐದು ಮರಗಳು' ಕೂಡ ಸರಿ. ಎಷ್ಟು ಅಂತ ಸಂಖ್ಯೆಯೇ ಹೇಳಿದ ಮೇಲೆ ಪ್ರತ್ಯಯಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಟರ್ಕಿಶ್ ಭಾಷೆ ಇನ್ನೂ ಕಟ್ಟುನಿಟ್ಟು. ಅಲ್ಲಿ ಸಂಖ್ಯೆಯ ಜೊತೆ ಸಾಮಾನ್ಯವಾಗಿ ಬಹುವಚನ ಹಾಕುವ ಹಾಗೇ ಇಲ್ಲ. ಕನ್ನಡ ಎರಡಕ್ಕೂ ಜಾಗ ಕೊಡುತ್ತದೆ. ಬರವಣಿಗೆಯಲ್ಲಿ ಕ್ರಿಯಾಪದ ಮಾತ್ರ ಬಹುವಚನದಲ್ಲಿರಲಿ: 'ಐದು ಮರ ಇವೆ'. ಮಾತಿನಲ್ಲಿ 'ಐದು ಮರ ಇದೆ' ಅನ್ನುತ್ತೇವೆ, ಅದು ಮಾತಿಗೆ ಸರಿ.

ಅಳತೆಯ ಘಟಕಗಳಿಗೆ ಮಾತ್ರ 'ಗಳು' ಹಚ್ಚಬೇಡಿ. 'ಹತ್ತು ಮೀಟರ್‌ಗಳು', 'ಮೂವತ್ತು ಡಿಗ್ರಿಗಳು', 'ಐದು ಕೆಜಿಗಳು' ಇವೆಲ್ಲ ಅನುವಾದದ ವಾಸನೆ ಹೊಡೆಯುತ್ತವೆ. ದಿನ, ವರ್ಷ ಸ್ವಲ್ಪ ಸಡಿಲ: 'ಹತ್ತು ವರ್ಷದ ಹಿಂದೆ', 'ಹತ್ತು ವರ್ಷಗಳ ಹಿಂದೆ' ಎರಡೂ ನಡೆಯುತ್ತವೆ.

ಮನುಷ್ಯರ ವಿಷಯದಲ್ಲಿ ಈ ಸಲಿಗೆ ಇಲ್ಲ. 'ಮೂರು ಹುಡುಗ' ಅನ್ನಲಾಗದು. 'ಮೂವರು ಹುಡುಗರು' ಅನ್ನಲೇಬೇಕು. ಸಂಖ್ಯೆಯ ರೂಪವೂ ಬದಲಾಗುತ್ತದೆ, ನಾಮಪದದ ರೂಪವೂ ಬದಲಾಗುತ್ತದೆ. ಮನುಷ್ಯರು ಮರಗಳಂತಲ್ಲ ಅಂತ ಕನ್ನಡದ ವ್ಯಾಕರಣ ಪಟ್ಟುಹಿಡಿದು ಹೇಳುತ್ತದೆ. ಆದರೆ ಇದು ಒಡೆಯರ ಮಾತು. ಅವರ ಗುಣಕ್ಕೆ ಬಂದರೆ ಮತ್ತೆ ಹಳೆಯ ಕಥೆಯೇ: 'ಮೂವರು ಹುಡುಗರ ಎತ್ತರ'.

ಹೆಜ್ಜೆ 5: ಒಟ್ಟಿಗೋ, ಒಂದೊಂದಕ್ಕೋ? ಅನುಮಾನ ಬಂದರೆ ಜೋಡಿಸಿ ಹೇಳಿ

'ಕೀಟಗಳಿಗೆ 6 ಕಾಲು, ಜೇಡಗಳಿಗೆ 8.' ಇದನ್ನು ಓದಿ ಯಾರೂ ತಪ್ಪು ತಿಳಿಯುವುದಿಲ್ಲ. ಲೋಕಜ್ಞಾನ ಕೈಹಿಡಿಯುತ್ತದೆ. ಆದರೆ 'ಮೂರು ತಂಡಗಳಿಗೆ ಆರು ಚೆಂಡು ಕೊಟ್ಟರು' ಅಂದರೆ? ಒಟ್ಟು ಆರೋ, ಹದಿನೆಂಟೋ? ಇಲ್ಲಿ 'ಚೆಂಡುಗಳು' ಅಂತ ಬದಲಾಯಿಸಿದರೂ ಏನೂ ಸ್ಪಷ್ಟವಾಗುವುದಿಲ್ಲ. ಬಹುವಚನ ಈ ಅನುಮಾನಕ್ಕೆ ಮದ್ದೇ ಅಲ್ಲ. ಆದರೂ ಜನ ಮೊದಲು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಕನ್ನಡದ ಮದ್ದು ಪದವನ್ನು ಎರಡು ಸಲ ಹೇಳುವುದು. 'ಮೂರು ತಂಡಗಳಿಗೂ ಆರಾರು ಚೆಂಡು ಕೊಟ್ಟರು.' ಮುಗಿಯಿತು, ಹದಿನೆಂಟು. 'ತಲಾ ಆರು' ಅಂದರೂ ಅದೇ. ಒಟ್ಟು ಆರು ಅನ್ನುವುದಿದ್ದರೆ 'ಮೂರು ತಂಡಗಳಿಗೂ ಸೇರಿ ಆರು'. ಒಂದೊಂದು, ಎರಡೆರಡು, ಮೂರ್ಮೂರು, ನಾಲ್ಕುನಾಲ್ಕು. ಇಂಗ್ಲಿಷ್‌ನವರು 'ಈಚ್' ಅನ್ನುವ ಪದ ತಂದು ಮಾಡುವ ಕೆಲಸವನ್ನು ನಾವು ಇದ್ದ ಪದವನ್ನೇ ಇನ್ನೊಂದು ಸಲ ಹೇಳಿ ಮುಗಿಸುತ್ತೇವೆ.

ಸಂಖ್ಯೆಗಷ್ಟೇ ಅಲ್ಲ. 'ಎಲ್ಲರೂ ತಮ್ಮ ಮನೆಗೆ ಹೋದರು' ಅಂದರೆ ಒಂದೇ ಮನೆಯವರೋ, ಬೇರೆ ಬೇರೆ ಮನೆಯವರೋ ಗೊತ್ತಾಗದು. 'ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು' ಅಂದರೆ ಗೊತ್ತಾಗುತ್ತದೆ. 'ಮನೆಗಳಿಗೆ' ಅನ್ನಬೇಕಾಗಿಯೇ ಇಲ್ಲ. 'ಅವರವರ ಇಷ್ಟ', 'ಆಯಾ ಕೋಣೆಯ ಬೀಗ', 'ಯಾರ್ಯಾರ ಹೆಸರು' ಎಲ್ಲ ಇದೇ ಉಪಾಯ. 'ದೊಡ್ಡ ದೊಡ್ಡ ಮರ' ಅಂದಾಗ ಮರ ಏಕವಚನದಲ್ಲೇ ಇದೆ, ಆದರೂ ಕಣ್ಣ ಮುಂದೆ ಕಾಡು ನಿಲ್ಲುತ್ತದೆ. ಗುಣವಾಚಕವನ್ನು ಎರಡು ಸಲ ಹೇಳಿದ್ದೇ ಬಹುವಚನದ ಕೆಲಸ ಮಾಡಿತು. ನನಗೆ ಕನ್ನಡದಲ್ಲಿ ಅತಿ ಇಷ್ಟವಾದ ಉಪಾಯಗಳಲ್ಲಿ ಇದೂ ಒಂದು. ಬರೆಯುವವರು ಇದನ್ನು ಆಡುಮಾತು ಅಂತ ದೂರ ಇಡುವುದು ನೋಡಿದರೆ ಬೇಜಾರಾಗುತ್ತದೆ.

'ಪ್ರತಿ' ಬಂದರೆ ಎಲ್ಲ ಏಕವಚನ. 'ಪ್ರತಿಯೊಬ್ಬ ವಿದ್ಯಾರ್ಥಿಗಳು ತಮ್ಮ ಹೆಸರುಗಳನ್ನು ಬರೆಯಬೇಕು' ಅನ್ನುವ ಒಂದು ವಾಕ್ಯದಲ್ಲಿ ಮೂರು ಕಡೆ ಎಡವಿದ್ದಾರೆ. 'ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೆಸರು ಬರೆಯಬೇಕು' ಅನ್ನಿ. 'ತನ್ನ' ಒರಟು ಅನಿಸಿದರೆ 'ಎಲ್ಲ ವಿದ್ಯಾರ್ಥಿಗಳೂ ತಮ್ಮ ಹೆಸರು ಬರೆಯಬೇಕು'. ಎರಡರಲ್ಲೂ 'ಹೆಸರು' ಏಕವಚನದಲ್ಲೇ ಇದೆ.

ಹೆಜ್ಜೆ 6: ಗೌರವದ 'ಗಳು' ಇದೆಯೇ ಅಂತ ನೋಡಿಕೊಳ್ಳಿ

ಕನ್ನಡದಲ್ಲಿ 'ಗಳು' ಬರೀ ಎಣಿಕೆಗೆ ಬರುವುದಿಲ್ಲ, ಮರ್ಯಾದೆಗೂ ಬರುತ್ತದೆ. ಗುರುಗಳು, ಮಂತ್ರಿಗಳು, ಕಾರ್ಯದರ್ಶಿಗಳು. ಇವು ಒಬ್ಬರೇ ಇದ್ದಾಗಲೂ ಬಳಸುವ ರೂಪ. 'ಅವರು' ಕೂಡ ಹಾಗೆಯೇ. ಹಾಗಾಗಿ 'ಕಾರ್ಯದರ್ಶಿಗಳ ಅಭಿಪ್ರಾಯ' ಅಂದಾಗ ಕಾರ್ಯದರ್ಶಿ ಒಬ್ಬರೋ ಹಲವರೋ ಗೊತ್ತಾಗುವುದಿಲ್ಲ. 'ಅಭಿಪ್ರಾಯಗಳು' ಅಂತ ಮಾಡಿದರೆ ಇನ್ನೂ ಗೋಜಲು. ಒಬ್ಬರಿಗೇ ಹಲವು ಅಭಿಪ್ರಾಯ ಇರಬಹುದಲ್ಲ!

ಈ ಗೋಜಲಿನಲ್ಲಿ ನಾನೇ ಒಮ್ಮೆ ಬಿದ್ದಿದ್ದೇನೆ. ಸಂಘವೊಂದರ ಸಮಾರಂಭದ ವರದಿಯಲ್ಲಿ 'ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳು ತಮ್ಮ ಪತ್ನಿಯರೊಂದಿಗೆ ವೇದಿಕೆಗೆ ಬಂದರು' ಅಂತ ಬರೆದೆ. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಬಹುವಚನ ಸರಿಯಾಗಿದೆ ಅಂತ ನನ್ನ ನಂಬಿಕೆ. ವರದಿ ಹಂಚಿದ ಮೇಲೆ ಅಧ್ಯಕ್ಷರೇ ಫೋನು ಮಾಡಿ, 'ನನಗೆ ಇನ್ನೊಬ್ಬಳು ಹೆಂಡತಿ ಇರುವುದು ನಮ್ಮ ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ' ಅಂದರು. 'ಇಬ್ಬರೂ ಪತ್ನೀಸಮೇತರಾಗಿ ಬಂದರು' ಅಂತ ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಹಾಗಾಗಿ ಒಡೆಯರು ಮನುಷ್ಯರಾಗಿ, ಗುಣದ ಜಾಗದಲ್ಲೂ ಮನುಷ್ಯರೇ ಇದ್ದರೆ ಹೆಚ್ಚು ಎಚ್ಚರ ಬೇಕು. ಹೆಂಡತಿ, ಗಂಡ, ತಾಯಿ, ತಂದೆ ಇಂಥ ಪದಗಳಿಗೆ 'ತಮ್ಮ ತಮ್ಮ' ಜೋಡಿಸಿ, ಪದವನ್ನು ಏಕವಚನದಲ್ಲೇ ಬಿಡಿ: 'ಮಕ್ಕಳು ತಮ್ಮ ತಮ್ಮ ತಾಯಿಯ ಜೊತೆ ಬಂದರು'. 'ತಾಯಂದಿರ ಜೊತೆ' ಅಂದರೂ ಅರ್ಥವಾಗುತ್ತದೆ. ಯಾರು ಯಾರ ಜೊತೆ ಅನ್ನುವುದು ಮುಖ್ಯವಾದಾಗ ಮಾತ್ರ ಮೊದಲನೆಯದು ಗೆಲ್ಲುತ್ತದೆ.

'ಅವರುಗಳು', 'ಅವುಗಳು' ಅಂತ ಬರೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. 'ಅವರು', 'ಅವು' ಆಗಲೇ ಬಹುವಚನ. 'ಪೇರೆಂಟ್ಸ್‌ಗಳು', 'ಫೈಲ್ಸ್‌ಗಳು' ಕೂಡ ಹೀಗೇ, ಟೋಪಿಯ ಮೇಲೊಂದು ಟೋಪಿ.

ಹೆಜ್ಜೆ 7: ಕೋಷ್ಟಕ, ಫಾರಂ, ತಂತ್ರಾಂಶ

ಕೋಷ್ಟಕದ ಕಂಬಸಾಲಿನ ತಲೆಯಲ್ಲಿ ಯಾವಾಗಲೂ ಏಕವಚನ: ಹೆಸರು, ವಯಸ್ಸು, ತೂಕ, ಬಣ್ಣ. ಕೆಳಗೆ ನೂರು ಸಾಲು ಇರಬಹುದು, ಒಂದು ಚೌಕದಲ್ಲಿ ಇರುವುದು ಒಂದೇ ಹೆಸರು. ಕೋಷ್ಟಕದ ಶೀರ್ಷಿಕೆಯಲ್ಲಿ ಒಡೆಯ ಬಹುವಚನ, ಗುಣ ಏಕವಚನ: 'ಲೋಹಗಳ ಕರಗುವ ಬಿಂದು'. ಒಂದೇ ಚೌಕದಲ್ಲಿ ಹಲವನ್ನು ತುಂಬಬೇಕಾದರೆ ಮಾತ್ರ 'ಗಳು': 'ಗೊತ್ತಿರುವ ಭಾಷೆಗಳು'. ಫಾರಂ ತುಂಬುವವರಿಗೆ ಅದೇ ಸೂಚನೆಯೂ ಆಗುತ್ತದೆ. 'ಭಾಷೆ' ಅಂತಿದ್ದರೆ ಒಂದು ಬರೆದು ನಿಲ್ಲಿಸುತ್ತಾರೆ, 'ಭಾಷೆಗಳು' ಅಂತಿದ್ದರೆ ಮೂರು ಬರೆಯುತ್ತಾರೆ.

ಕೋಷ್ಟಕ ಬೇಡ, ವಾಕ್ಯದಲ್ಲೇ ಹೇಳುತ್ತೇನೆ ಅಂದರೆ 'ಕ್ರಮವಾಗಿ' ಅನ್ನುವ ಪದ ನೆನಪಾಗುತ್ತದೆ. 'ಚಿನ್ನ, ಬೆಳ್ಳಿ, ತಾಮ್ರದ ಕರಗುವ ಬಿಂದು ಕ್ರಮವಾಗಿ 1,064, 962, 1,085 ಡಿಗ್ರಿ ಸೆಲ್ಸಿಯಸ್.' ವ್ಯಾಕರಣ ಸರಿಯಿದೆ, ಆದರೆ ಓದುವವರು ಬೆರಳಿಟ್ಟು ಹಿಂದೆ ಮುಂದೆ ಓಡಬೇಕು. 'ಚಿನ್ನ 1,064 ಡಿಗ್ರಿಗೆ ಕರಗುತ್ತದೆ, ಬೆಳ್ಳಿ 962ಕ್ಕೆ, ತಾಮ್ರ 1,085ಕ್ಕೆ.' ಇದು ಓದಲು ಸುಲಭ. ಗುಣದ ಪದವೇ ಮಾಯ.

ತಂತ್ರಾಂಶ ಅನುವಾದ ಮಾಡುವವರಿಗೆ ಒಂದು ಮಾತು. ಯಾವ ಭಾಷೆಯಲ್ಲಿ ಬಹುವಚನಕ್ಕೆ ಎಷ್ಟು ರೂಪ ಬೇಕು ಅನ್ನುವುದನ್ನು ಸಿಎಲ್‌ಡಿಆರ್ ಅನ್ನುವ ಪಟ್ಟಿ ಹೇಳುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ನಿಯಮ ಮಾಡುವ ಯೂನಿಕೋಡ್ ಸಂಸ್ಥೆಯವರ ಪಟ್ಟಿ ಅದು. ಅರೇಬಿಕ್‌ಗೆ 6 ರೂಪ, ಕನ್ನಡಕ್ಕೆ 2. ಆದರೆ ಇಂಗ್ಲಿಷ್‌ಗೂ ಕನ್ನಡಕ್ಕೂ ಒಂದು ವ್ಯತ್ಯಾಸವಿದೆ. ಇಂಗ್ಲಿಷ್‌ನಲ್ಲಿ 0 ಬಹುವಚನದ ಜೊತೆ ಹೋಗುತ್ತದೆ. ಕನ್ನಡದ ನಿಯಮದಲ್ಲಿ 0 ಮತ್ತು 1 ಎರಡೂ ಏಕವಚನದ ಖಾನೆಗೆ ಬೀಳುತ್ತವೆ. ಹಾಗಾಗಿ ಆ ಖಾನೆಯಲ್ಲಿ 'ಒಂದು ಫೈಲ್ ಇದೆ' ಅಂತ ಅಕ್ಷರದಲ್ಲಿ ಬರೆದುಬಿಟ್ಟರೆ, ಏನೂ ಇಲ್ಲದಿದ್ದಾಗಲೂ ತೆರೆಯ ಮೇಲೆ 'ಒಂದು ಫೈಲ್ ಇದೆ' ಅಂತ ಕಾಣುತ್ತದೆ. 'ಒಂದು' ಅಂತ ಬರೆಯುವ ಬದಲು, ತಂತ್ರಾಂಶವೇ ಸಂಖ್ಯೆ ತುಂಬಿಕೊಳ್ಳುವ ಜಾಗದ ಗುರುತನ್ನು ಅಲ್ಲಿಯೂ ಹಾಗೇ ಇಡಿ.

ಒಂದು ಪ್ಯಾರಾ ತಿದ್ದಿ ನೋಡೋಣ

ತಿದ್ದುವ ಮೊದಲು:

'ಸೌರಮಂಡಲದಲ್ಲಿ ಎಂಟು ಗ್ರಹಗಳಿವೆ. ಅವುಗಳ ಗಾತ್ರಗಳು, ತೂಕಗಳು ಮತ್ತು ಬಣ್ಣಗಳು ಬೇರೆ ಬೇರೆಯಾಗಿವೆ. ಅವುಗಳು ತಮ್ಮ ಅಕ್ಷಗಳ ಮೇಲೆ ತಿರುಗುತ್ತವೆ. ಪ್ರತಿಯೊಂದು ಗ್ರಹಗಳು ತಮ್ಮದೇ ಆದ ಕಕ್ಷೆಗಳಲ್ಲಿ ಸೂರ್ಯನನ್ನು ಸುತ್ತುತ್ತವೆ. ಸೂರ್ಯನಿಂದ ದೂರವಿರುವ ಗ್ರಹಗಳ ವೇಗ ಕಡಿಮೆಯಾಗಿವೆ. ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್‌ಗಳಿಗೆ ಉಂಗುರವಿದೆ.'

ತಿದ್ದಿದ ಮೇಲೆ:

'ಸೌರಮಂಡಲದಲ್ಲಿ ಎಂಟು ಗ್ರಹಗಳಿವೆ. ಗಾತ್ರ, ತೂಕ, ಬಣ್ಣದಲ್ಲಿ ಒಂದೊಂದೂ ಬೇರೆ. ಎಲ್ಲವೂ ತಮ್ಮ ತಮ್ಮ ಅಕ್ಷದ ಮೇಲೆ ತಿರುಗುತ್ತವೆ. ಪ್ರತಿ ಗ್ರಹವೂ ತನ್ನದೇ ಕಕ್ಷೆಯಲ್ಲಿ ಸೂರ್ಯನನ್ನು ಸುತ್ತುತ್ತದೆ. ಸೂರ್ಯನಿಂದ ದೂರವಿರುವ ಗ್ರಹಗಳ ವೇಗ ಕಡಿಮೆ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕಕ್ಕೂ ಉಂಗುರಗಳಿವೆ.'

ಒಂಬತ್ತು 'ಗಳು' ಹೋದವು. ಕೊನೆಯ ವಾಕ್ಯದಲ್ಲಿ ಮಾತ್ರ ಒಂದು ಹೊಸದಾಗಿ ಬಂದು ಸೇರಿತು. ಅಲ್ಲಿ 'ಉಂಗುರವಿದೆ' ಅಂತ ಬಿಟ್ಟರೆ ಒಂದೊಂದು ಗ್ರಹಕ್ಕೆ ಒಂದೇ ಉಂಗುರ ಅಂತ ಓದಿಕೊಳ್ಳುವ ಸಾಧ್ಯತೆ ಇತ್ತು. 'ಕಡಿಮೆಯಾಗಿವೆ' ಅನ್ನುವುದನ್ನು 'ಕಡಿಮೆಯಾಗಿದೆ' ಅಂತ ತಿದ್ದಲು ಹೊರಟವನು, ಕ್ರಿಯಾಪದವೇ ಬೇಡ ಅಂತ ಕಂಡು ಸುಮ್ನೆ 'ಕಡಿಮೆ' ಅಂತ ನಿಲ್ಲಿಸಿದೆ.